ರೋಮನ್ ಕಂಚಿನ ಕಾಸು: ಸಂರಕ್ಷಕರನ್ನು ಕೇಳಿ

ಸಂರಕ್ಷಕಿ: ಇವತ್ತು 4ನೇ ಶತಮಾನದ ಅಗ್ಗದ ಕಂಚಿನ ನಾಣ್ಯಗಳು ಮಾತ್ರ. ಎರಡೂ ಮುಖ, ಅಂಚಿನ ಫೋಟೊ, ತೂಕ, ವ್ಯಾಸ ಹಾಕಿ. ಬೆಲೆ ಕೇಳಬೇಡಿ.

ಹೊಸಬ: ಮೇಡಂ, ಇಬ್ಬರು ಸೈನಿಕರು, ನಡುವೆ ಒಂದೇ ಧ್ವಜಸ್ತಂಭ. 1.6 ಗ್ರಾಂ, 15 ಮಿ.ಮೀ. ಇಷ್ಟು ಹಗುರ ಅಂದ್ರೆ ನಕಲಿನಾ?

ಸಂರಕ್ಷಕಿ: ಗ್ಲೋರಿಯಾ ಎಕ್ಸರ್ಸಿಟಸ್ (ಸೈನ್ಯದ ಕೀರ್ತಿ) ಅನ್ನೋ ಬರಹದ ಮಾದರಿ. ಎರಡು ಧ್ವಜದ್ದು ಕ್ರಿ.ಶ. 330ರಿಂದ ಬಂತು, 2.5 ಗ್ರಾಂ ಆಸುಪಾಸು. 335ರ ಹೊತ್ತಿಗೆ ತೂಕ ಇಳಿಸಿದರು, ಧ್ವಜವೂ ಒಂದಾಯ್ತು. ತೂಕ ಸರಿಯಾಗೇ ಇದೆ. ಅಂಚಿನ ಫೋಟೊ ಎಲ್ಲಿ? ಸುತ್ತ ಅಚ್ಚಿನ ಗೆರೆ, ಮೈಮೇಲೆ ಗುಳ್ಳೆಯ ತೂತು ಇದ್ದರೆ ಎರಕದ ನಕಲಿ.

ಕರಾವಳಿ ಕಾಸು: ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್‌ನ ನಾಣ್ಯ, ಫೆಲ್ ಟೆಂಪ್ ರೆಪರಾಟಿಯೊ ಅನ್ನೋ ಬರಹದ್ದು. ಮಂಗಳೂರಿನ ಮಳೆಗಾಲಕ್ಕೆ, ಅದರಲ್ಲಿನ ಬೀಳುತ್ತಿರೋ ಸವಾರನ ಚಿತ್ರದ ಮೇಲೆ ತಿಳಿಹಸಿರು ಚುಕ್ಕೆ ಎದ್ದಿದೆ. ಉಗುರು ತಾಗಿದರೆ ಪುಡಿ ಉದುರುತ್ತೆ, ಅಡಿಯಲ್ಲಿ ಗುಳಿ.

ಸಂರಕ್ಷಕಿ: ಇದು ಯೋಚನೆ ಮಾಡಬೇಕಾದ್ದು. ಈಗಲೇ ಬೇರೆ ಡಬ್ಬಿಗೆ ಹಾಕಿ. ಗಟ್ಟಿಯಾಗಿ ಕೂತ ಹಸಿರಿಗೆ ಹೆದರಬೇಕಿಲ್ಲ, ಪುಡಿಯಾಗೋ ಹಸಿರು ಕಂಚಿನ ರೋಗದ ಗುರುತು. ಒಳಗಿನ ತಾಮ್ರದ ಕ್ಲೋರೈಡ್‌ಗೆ ತೇವ, ಗಾಳಿ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಮತ್ತೆ ತಾಮ್ರವನ್ನೇ ತಿನ್ನುತ್ತೆ, ತಾನಾಗಿ ನಿಲ್ಲಲ್ಲ.

ಮರದ ಕಡ್ಡಿಯಿಂದ ಪುಡಿ ಕೆರೆದು ತೆಗೀರಿ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 23 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್, 19 ಗ್ರಾಂ ಅಡುಗೆ ಸೋಡಾ ಕರಗಿಸಿ, ಕ್ಲೋರೈಡ್ ಹೊರಬರೋಕೆ ನಾಣ್ಯ ಮುಳುಗಿಸಿ. ವಾರಕ್ಕೊಮ್ಮೆ ದ್ರಾವಣ ಬದಲಿಸಿ, ಕೆಲವು ವಾರ ಹಿಡಿಯುತ್ತೆ. ದ್ರಾವಣ ನೀಲಿಯಾದರೆ ತಾಮ್ರವೇ ಕರಗ್ತಿದೆ ಅಂತ, ತಕ್ಷಣ ಹೊರಗೆ ತೆಗೀರಿ. ಸಿಲ್ವರ್ ನೈಟ್ರೇಟ್‌ನಲ್ಲಿ ಕ್ಲೋರೈಡ್ ಪರೀಕ್ಷೆ ಮಾಡೋರು ಸ್ವಲ್ಪ ದ್ರಾವಣ ಬೇರೆ ತೆಗೆದು ಅದಕ್ಕೆ ಮೊದಲು ನೈಟ್ರಿಕ್ ಆಮ್ಲ ಹಾಕಿ, ಇಲ್ಲದಿದ್ದರೆ ಕಾರ್ಬೊನೇಟೇ ಬೆಳ್ಳಗಾಗಿ ದಾರಿ ತಪ್ಪಿಸುತ್ತೆ.

ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ. ಒದ್ದೆ ಹತ್ತಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಡಿ, ಹತ್ತಿ ನಾಣ್ಯಕ್ಕೆ ತಾಗಬಾರದು. ಹೊಸ ಪುಡಿ ಬಂದರೆ ಮತ್ತೆ ಮೊದಲಿಂದ. ಬರದಿದ್ದರೆ ಒಣಗಿಸಿ ಸಿಲಿಕಾ ಜೆಲ್ ಜೊತೆ ಇಡಿ, ತೇವಾಂಶ 40% ಒಳಗಿರಲಿ. ಪಿವಿಸಿ ಪೌಚ್ ಬೇಡ.

ಬಿಳಿಮೀಸೆ: ಫಾರ್ವರ್ಡ್ ಬಂದಿದ್ದು: ಹುಣಸೆಹಣ್ಣು, ಉಪ್ಪು ಹಚ್ಚಿ 10 ನಿಮಿಷ ಉಜ್ಜಿ, ಫಳಫಳ 🙏

ಸಂರಕ್ಷಕಿ: ಉಪ್ಪು ಅಂದರೆ ಕ್ಲೋರೈಡ್. ವಾರಗಟ್ಟಲೆ ಕೂತು ತೆಗೆಯೋದನ್ನ ನೀವು ಉಜ್ಜಿ ಒಳಗೆ ತುಂಬ್ತೀರಿ. ಹುಣಸೆ ಹುಳಿ ಮೇಲ್ಪದರ ಕಿತ್ತರೆ ಅಕ್ಷರವೂ ಅದರ ಜೊತೆ ಹೋಗುತ್ತೆ. ದೇವರ ಪಾತ್ರೆ ಅಲ್ಲ ಸ್ವಾಮಿ ಇದು.

ಹೊಸಬ: ನಿಂಬೆರಸ?

ಸಂರಕ್ಷಕಿ: ಬೇಡ.

ಚಿಲ್ಲರೆ: ವಿನಿಗರ್ ಆಗಬಹುದಾ ಮೇಡಂ?

ಸಂರಕ್ಷಕಿ: ಮೇಲೆ ಓದಿ.

ಬಿಳಿಮೀಸೆ: ನಮ್ಮ ಅಜ್ಜಿ ಕಾಲದಿಂದ ಹುಣಸೆಯಲ್ಲೇ ತೊಳೆದಿದ್ದು. ಏನೂ ಆಗಿಲ್ಲ.

ಚಿಲ್ಲರೆ: ಅಜ್ಜಿ ತೊಳೆದಿದ್ದು ಚೊಂಬು ಸಾರ್.

ನದಿ ಮರಳು: ಕರೂರಿನ ಅಮರಾವತಿ ನದಿಯಲ್ಲಿ ಸಿಕ್ಕಿದ್ದು ಅಂತ ಒಬ್ಬರು ಕಮ್ಮಿಗೆ ಕೊಡ್ತಿದ್ದಾರೆ. ತಗೋಬಹುದಾ?

ಚಿಲ್ಲರೆ: 1878ರ ನಿಧಿ ಕಾಯ್ದೆ ಓದಿ. 10 ರೂಪಾಯಿ ಮೀರಿದ್ದು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಲೇಬೇಕು.

ನದಿ ಮರಳು: ಅದು ಮಣ್ಣಲ್ಲಿ ಹೂತಿದ್ದಕ್ಕೆ. ಮರಳಲ್ಲಿ ಬಿದ್ದಿದ್ದಕ್ಕಲ್ಲ.

ಚಿಲ್ಲರೆ: ಹಾಗಂತ ಕೋರ್ಟಲ್ಲಿ ಹೇಳಿ ನೋಡಿ.

ನದಿ ಮರಳು: ನಿಮ್ಮನ್ನ ಕೇಳಲಿಲ್ಲ. ಮೇಡಂನ ಕೇಳಿದ್ದು.

ಹಳೇ ಬೆಂಗಳೂರು: ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳು ಈಗ ಎಲ್ಲಿವೆ?

ಸಂರಕ್ಷಕಿ: @ನದಿ ಮರಳು, 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ವ್ಯಾಪಾರ ಮಾಡೋರಿಗೆ ಪರವಾನಗಿ ಬೇಕು. ಮೊದಲು ಅದನ್ನ ಕೇಳಿ.

ನದಿ ಮರಳು: ಕೇಳಿದ್ರೆ ಕೊಡಲ್ಲ ಅಂತಾರೆ.

ಚಿಲ್ಲರೆ: ಇನ್ನೂ ಅರ್ಥ ಆಗ್ಲಿಲ್ವಾ?

ಬಿಳಿಮೀಸೆ: ಹುಣಸೆ ಬೇಡ ಅಂದ್ರೆ ಟೂತ್‌ಪೇಸ್ಟ್?