ಪದಚರ್ಚೆ: ‘ಮೂತ್ರ ಅಸಂಯಮ’ಕ್ಕೆ ಬೇರೆ ಪದ ಬೇಕು, ಫಲಕ ಇವತ್ತೇ ಅಚ್ಚಿಗೆ

ಬರುವ ಭಾನುವಾರ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಮಹಿಳಾ ಬಳಗದ ಆರೋಗ್ಯ ಶಿಬಿರ, ನಲವತ್ತು ದಾಟಿದವರಿಗೆ. ಕೆಮ್ಮಿದರೆ, ನಕ್ಕರೆ ಮೂತ್ರ ಹನಿಯುವುದು, ಟಾಯ್ಲೆಟ್ ಮುಟ್ಟುವಷ್ಟರಲ್ಲಿ ಆಗಿಹೋಗುವುದು, ಇದರ ಬಗ್ಗೆ ಸ್ತ್ರೀರೋಗ ತಜ್ಞೆಯೊಬ್ಬರು ಮಾತಾಡುತ್ತಾರೆ. ಮರಾಠಿ ಫಲಕ ಸಿದ್ಧವಾಗಿದೆ: ‘ಲಘವೀವರ ತಾಬಾ ನಸಣೆ’, ಅಂದರೆ ಮೂತ್ರದ ಮೇಲೆ ಹಿಡಿತ ಇಲ್ಲದಿರುವುದು. ಕನ್ನಡಕ್ಕೆ ಯಾರೋ ‘ಮೂತ್ರ ಅಸಂಯಮ’ ಎಂದು ಹಾಕಿಕೊಟ್ಟಿದ್ದಾರೆ. ನಮ್ಮ ಹೆಂಗಸರ ಎದುರು ಅದನ್ನು ತೂಗುಹಾಕಲು ನನಗೆ ಮನಸ್ಸಿಲ್ಲ. ಸಂಜೆ ಆರಕ್ಕೆ ಅಚ್ಚಿನವರಿಗೆ ಕೊಡಬೇಕು. ಬೇಗ ತಿಳಿಸಿ.
(ಡೊಂಬಿವಲಿ)

ಆಯುರ್ವೇದದಲ್ಲಿ ಸಿದ್ಧಪದಗಳಿರುವಾಗ ಹೊಸದನ್ನು ಹೊಸೆಯುವುದೇಕೆ? ‘ಮೂತ್ರಾಘಾತ’ ಎನ್ನಿ, ಇಲ್ಲವೇ ‘ಬಹುಮೂತ್ರ’. ಅಸಂಯಮವೂ ನಿರ್ದುಷ್ಟ ಪದವೇ. ಯಮ್ ಧಾತುವಿಗೆ ಹಿಡಿದಿಡು ಎಂಬ ಅರ್ಥವಿದೆ, ಇಂಗ್ಲಿಷಿನ ‘ಇನ್‌ಕಾಂಟಿನೆನ್ಸ್’ ಪದದ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ಇದಕ್ಕಿಂತ ಚೆನ್ನಾಗಿ ಹೊಂದುವ ಪದ ಸಿಗದು.
(ಪುಣೆ)

ಸಿಗುತ್ತದೆ. ‘ಉಚ್ಚೆಸೋರಿಕೆ’. ತೆಲುಗಿನಲ್ಲಿ ಉಚ್ಚ, ತಮಿಳು ಮಕ್ಕಳ ಬಾಯಲ್ಲಿ ಉಚ್ಚಾ, ನಮ್ಮಲ್ಲಿ ಉಚ್ಚೆ, ಬೇರು ಒಂದೇ. ಇದನ್ನು ಸಂಸ್ಕೃತದ ‘ಉಚ್ಚಾರ’ಕ್ಕೆ ಗಂಟುಹಾಕುವವರು ಒಮ್ಮೆ ನಿಘಂಟು ತೆರೆಯಲಿ, ಅಲ್ಲಿ ಅದಕ್ಕಿರುವ ಅರ್ಥ ಮಲ. ಮನೆಯ ಪದವನ್ನು ಹೊಲಸು ಎಂದು ಹೊರಗಿಟ್ಟು ಎರವಲಿಗೆ ಮಣೆ ಹಾಕುವುದನ್ನು ಎಂದು ಬಿಡುತ್ತೇವೆ?
(ಥಾಣೆ)

ನಾನು ಇದೇ ತೊಂದರೆಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್, ಮುಲುಂಡ್‌ನಲ್ಲಿ.

ಮೊದಲು ಪುಣೆಯವರಿಗೆ. ಮೂತ್ರಾಘಾತ ಎಂದರೆ ಮೂತ್ರ ಕಟ್ಟಿಕೊಳ್ಳುವುದು. ಇಲ್ಲಿರುವುದು ಅದಕ್ಕೆ ತದ್ವಿರುದ್ಧ. ಬಹುಮೂತ್ರ ಎಂದರೆ ಪ್ರಮಾಣ ಜಾಸ್ತಿ, ಜನ ಅದನ್ನು ಸಕ್ಕರೆ ಕಾಯಿಲೆ ಎಂದೇ ಓದುತ್ತಾರೆ. ಎರಡರಲ್ಲಿ ಯಾವುದನ್ನು ಬರೆದರೂ ಬರಬೇಕಾದವಳು ‘ಇದು ನನಗಲ್ಲ’ ಎಂದು ಮುಂದೆ ಹೋಗುತ್ತಾಳೆ. ಅಸಂಯಮದ ಧಾತು ಏನೇ ಇರಲಿ, ಇವತ್ತಿನ ಕನ್ನಡದಲ್ಲಿ ಅದು ನಡತೆಯ ಮೇಲಿನ ಮಾತು. ಹೆರಿಗೆಯಲ್ಲಿ ಜಗ್ಗಿದ ಸ್ನಾಯು, ಮುಟ್ಟು ನಿಲ್ಲುವ ಹೊತ್ತಿಗೆ ಇಳಿಯುವ ಈಸ್ಟ್ರೋಜನ್ ಹಾರ್ಮೋನು, ವರ್ಷಗಟ್ಟಲೆಯ ಮಲಬದ್ಧತೆ, ಬಿಡದ ಕೆಮ್ಮು, ಏರಿದ ತೂಕ: ಕಾರಣಗಳು ಇವು. ಇದರಲ್ಲಿ ಆಕೆ ಯಾವ ಸಂಯಮ ತಪ್ಪಿದಳು?

ಸೋರಿಕೆ ಸರಿಯಾದ ಪದ. ಆದರೆ ಉಚ್ಚೆ ಎಂದು ನಮ್ಮ ಹೆಂಗಸರು ಮಗುವಿನ ವಿಷಯಕ್ಕೆ ಸಲೀಸಾಗಿ ಹೇಳುತ್ತಾರೆ, ತಮ್ಮ ವಿಷಯಕ್ಕೆ ಹೇಳುವುದಿಲ್ಲ. ವಿಜಯಪುರದ ಕಡೆಯವರು ನನ್ನೆದುರು ‘ಏಕಿ ತಡಕೊಳ್ಳಾಕ ಆಗೂದಿಲ್ರಿ’ ಎನ್ನುತ್ತಾರೆ, ಮಂಗಳೂರಿನವರು ‘ಮೂತ್ರ ಹನಿ ಹನಿ ಹೋಗ್ತದೆ’ ಎನ್ನುತ್ತಾರೆ. ಮೂತ್ರಕ್ಕೆ ಏಕಿ ಎಂಬ ಮಾತು ಇಲ್ಲಿನ ಮರಾಠಿ ಮಕ್ಕಳ ಬಾಯಲ್ಲೂ ಇದೆ. ಯಾರು ಯಾರಿಂದ ತಂದರು ಎಂಬ ಜಗಳ ಇನ್ನೊಮ್ಮೆ ಆಡೋಣ.

ಇನ್ನೊಂದು ಎಚ್ಚರ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಸೋರುವುದು ಒಂದು, ತಡೆಯಲಾರದ ಅವಸರದಲ್ಲಿ ಹೋಗುವುದು ಇನ್ನೊಂದು. ಅನೇಕರಿಗೆ ಎರಡೂ ಇರುತ್ತವೆ. ಮೊದಲನೆಯದನ್ನು ‘ಒತ್ತಡದ ಸೋರಿಕೆ’ ಎಂದು ಬರೆಯಬೇಡಿ. ಒತ್ತಡ ಎಂದರೆ ಈಗ ಎಲ್ಲರೂ ಟೆನ್ಶನ್ ಎಂದೇ ತಿಳಿಯುತ್ತಾರೆ. ‘ಅತ್ತೆಗೆ ಚಿಂತೆ ಜಾಸ್ತಿ, ಅದಕ್ಕೇ ಹೀಗೆ’ ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ. ಬಗೆ ಗೊತ್ತಾಗಬೇಕು, ಏಕೆಂದರೆ ಚಿಕಿತ್ಸೆ ಬೇರೆ. ಕೆಮ್ಮಿನ ಸೋರಿಕೆಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದದ್ದು. ದಿನಕ್ಕೆ 3 ಸಲ, ಸಲಕ್ಕೆ ಕನಿಷ್ಠ 8 ಬಾರಿ ಬಿಗಿಹಿಡಿದು ಬಿಡಬೇಕು, ಕನಿಷ್ಠ 3 ತಿಂಗಳು. ಎರಡು ವಾರಕ್ಕೇ ಬಿಟ್ಟು ‘ಉಪಯೋಗವಿಲ್ಲ’ ಎನ್ನುವವರೇ ಹೆಚ್ಚು. ಅವಸರದ ಸೋರಿಕೆಗೆ ಚಹಾ, ಕಾಫಿ ಇಳಿಸಿ, ಮೂತ್ರಕ್ಕೆ ಹೋಗುವ ಎರಡು ಸಲದ ನಡುವಿನ ಅಂತರವನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸುವ ಅಭ್ಯಾಸ, ಕನಿಷ್ಠ 6 ವಾರ.

ನನ್ನ ಬಳಿ ಬರುವವರಲ್ಲಿ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗಿಬರುವವರಿದ್ದಾರೆ. ಸ್ಲೋ ಲೋಕಲ್ ರೈಲಿನಲ್ಲಿ ತಾಸಿನ ಮೇಲಾಗುತ್ತದೆ, ಲೋಕಲ್‌ಗಳಲ್ಲಿ ಶೌಚಾಲಯವಿಲ್ಲ. ಒಬ್ಬರು ಬೆಳಗ್ಗೆ ಎದ್ದಾಗಿನಿಂದ ಆಫೀಸು ಮುಟ್ಟುವವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಕಪ್ಪು ಸಲ್ವಾರ್ ಮಾತ್ರ ಉಡುತ್ತಿದ್ದರು, ಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆ. ಸೀಟು ಸಿಕ್ಕರೂ ಕೂರುತ್ತಿರಲಿಲ್ಲ, ಎದ್ದಾಗ ಹಿಂದಿನವರಿಗೆ ಕಂಡರೆ ಎಂದು. ನೀರು ಬಿಟ್ಟರೆ ಮೂತ್ರ ದಟ್ಟವಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕೂ ತಗಲಬಹುದು. ಇದನ್ನು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಅವರು ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಫಲಕ ಓದಬೇಕಾದವರು ಇಂಥವರು.

‘ಮೂತ್ರಸೋರಿಕೆ’ ಎಂದು ಬರೆಯಿರಿ.
(ಮುಲುಂಡ್)

ಮೂತ್ರಸೋರಿಕೆ ಅರಿಸಮಾಸ: ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ್ದು, ವ್ಯಾಕರಣ ಒಪ್ಪದು.
(ಪುಣೆ)

ಹಾಗಿದ್ದರೆ ಸಮಾಸವೇ ಬೇಡ. ಕ್ರಿಯಾಪದ ಹಾಕಿ, ಮೂತ್ರ ಸೋರುತ್ತದೆಯೇ ಎಂದು ಕೇಳಿ. ಹೆಂಗಸರು ಹೇಳುವುದೂ ಕ್ರಿಯಾಪದದಲ್ಲೇ.
(ಮುಲುಂಡ್)

ಮೂತ್ರ ಎರವಲು ಎಂಬ ನನ್ನ ಮಾತಿಗೆ ಯಾರೂ ಉತ್ತರಿಸಲಿಲ್ಲ.
(ಥಾಣೆ)

ಎರವಲು ಹೌದು. ಶಿಬಿರ, ಆರೋಗ್ಯ, ಪ್ಯಾಡ್ ಎಲ್ಲವೂ ಎರವಲೇ. ಪ್ಯಾಡ್ ಕೇಳಲು ಅಂಗಡಿಗೆ ಹೋದವಳಿಗೆ ಮುಟ್ಟಿನ ಪ್ಯಾಡ್ ಬೇರೆ, ಮೂತ್ರ ಹೀರುವ ಪ್ಯಾಡ್ ಬೇರೆ ಎಂದು ತಿಳಿಸಲು ನನಗೆ ಪದ ಬೇಕು. ಅದು ಯಾರ ಮನೆಯಿಂದ ಬಂತು ಎಂಬುದು ಆಕೆಗೆ ಮುಖ್ಯವಲ್ಲ, ನನಗೂ ಅಲ್ಲ.
(ಮುಲುಂಡ್)

ಅಚ್ಚಿಗೆ ಕೊಟ್ಟದ್ದು ಹೀಗಿದೆ: ‘ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಮೂತ್ರ ಸೋರುತ್ತದೆಯೇ? ಟಾಯ್ಲೆಟ್ ಮುಟ್ಟುವವರೆಗೆ ತಡೆಯಲು ಆಗುವುದಿಲ್ಲವೇ? ಇದಕ್ಕೆ ಚಿಕಿತ್ಸೆ ಇದೆ. ಬನ್ನಿ, ಮಾತಾಡೋಣ. ಮೂತ್ರದಲ್ಲಿ ರಕ್ತ ಕಂಡರೆ, ಉರಿ ಇದ್ದರೆ ಶಿಬಿರಕ್ಕೆ ಕಾಯದೆ ಈಗಲೇ ವೈದ್ಯರನ್ನು ನೋಡಿ.’ ಮುಲುಂಡ್‌ನವರು ಭಾನುವಾರ ಬಿಡುವಿದ್ದರೆ ಬರಬೇಕು, ವ್ಯಾಯಾಮ ತೋರಿಸಲು ನಮ್ಮಲ್ಲಿ ಯಾರೂ ಇಲ್ಲ.
(ಡೊಂಬಿವಲಿ)