ಖಾಸಗಿ ಜಾಗದ ಸೀವರ್ ಪೈಪ್ ದುರಸ್ತಿ ಯೋಜನೆ: ಒಳಚರಂಡಿ ಸಂಸ್ಥೆಗಳು ತಮ್ಮತಮ್ಮಲ್ಲಿ ಏನೇನು ಹಂಚಿಕೊಳ್ಳಬೇಕು?

ಪ್ರಶ್ನೆ: ಒಳಹರಿವು

ಎಲ್ಲರಿಗೂ ನಮಸ್ಕಾರ. ಒಂದೇ ಸಂಸ್ಕರಣಾ ಘಟಕಕ್ಕೆ ಕೊಳಚೆನೀರು ಕಳಿಸುವ ಐದು ಸಣ್ಣ ಒಳಚರಂಡಿ ಸಂಸ್ಥೆಗಳಿವೆ ಎಂದುಕೊಳ್ಳಿ. ರಸ್ತೆಯಡಿಯ ಮುಖ್ಯ ಲೈನ್‌ಗಳಿಗೆ ಲೈನಿಂಗ್ (ಹಳೆ ಪೈಪ್‌ನೊಳಗೆ ಹೊಸ ಒಳಪದರ) ಆಗಿದೆ, ಮ್ಯಾನ್‌ಹೋಲ್‌ಗಳ ಸೋರಿಕೆ ಮುಚ್ಚಿದೆ. ಆದರೂ ಜೋರು ಮಳೆ ಬಂದಾಗ ಘಟಕಕ್ಕೆ ಬರುವ ಹರಿವು ಲೆಕ್ಕ ಹಾಕಿದಷ್ಟು ಇಳಿದಿಲ್ಲ. ಉಳಿದದ್ದು ಕಾಂಪೌಂಡ್ ಒಳಗಿನ ಭಾಗ, ಅಂದರೆ ಮನೆಯಿಂದ ಮುಖ್ಯ ಲೈನ್‌ವರೆಗಿನ ಸಂಪರ್ಕ ಪೈಪ್. ಅದು ಮನೆ ಮಾಲೀಕರದ್ದು, ಆದರೆ ಅದರಿಂದಾಗುವ ತೊಂದರೆ ಎಲ್ಲರದ್ದು.

ಐದೂ ಸಂಸ್ಥೆಗಳು ಪ್ರತ್ಯೇಕವಾಗಿ ಬೈಲಾ, ಒಪ್ಪಿಗೆ ಪತ್ರ, ಟೆಂಡರ್ ನಿಯಮ ಬರೆಯುತ್ತ ಕೂತರೆ ವರ್ಷಗಳೇ ಹೋಗುತ್ತವೆ. ಒಟ್ಟಾಗಿ ಒಂದು ಕಡತ ಭಂಡಾರ ಮಾಡಿಕೊಳ್ಳುವ ಯೋಚನೆಯಿದೆ. ಅದರಲ್ಲಿ ಏನಿರಬೇಕು? ಯಾವುದನ್ನು ಇದ್ದಂತೆಯೇ ನಕಲು ಮಾಡಬಹುದು, ಯಾವುದನ್ನು ಮಾಡಬಾರದು?

ಉತ್ತರ 1: ಹರಿವು_ಮಾಪಕ

ಮುಖ್ಯ ಲೈನ್ ಸರಿಮಾಡಿದ ಮೇಲೂ ಹರಿವು ಇಳಿಯದೆ ಇರುವುದಕ್ಕೆ ಕಾರಣವಿದೆ. ಸೋರುವ ಮುಖ್ಯ ಲೈನ್ ಅಷ್ಟು ದಿನ ಸುತ್ತಲಿನ ಅಂತರ್ಜಲವನ್ನು ಎಳೆದುಕೊಂಡು ಮಟ್ಟವನ್ನು ಕೆಳಗೇ ಇಟ್ಟಿರುತ್ತದೆ. ಅದನ್ನು ಮುಚ್ಚಿದ ಕೂಡಲೇ ಮಣ್ಣಿನೊಳಗಿನ ನೀರು ಮೇಲೇರಿ, ಮುಂಚೆ ಒಣಗಿದ್ದ ಮನೆ ಪೈಪ್‌ಗಳ ಜಾಯಿಂಟ್ ಮುಟ್ಟುತ್ತದೆ, ಅಲ್ಲಿಂದ ಒಳಗೆ ಬರುತ್ತದೆ. ಆದ್ದರಿಂದ ಒಂದು ಉಪಜಾಲವನ್ನು (ಒಟ್ಟಿಗೆ ಹರಿದು ಒಂದೆಡೆ ಸೇರುವ ಬೀದಿಗಳ ಗುಂಪನ್ನು) ಕೈಗೆತ್ತಿಕೊಂಡರೆ ಮುಖ್ಯ ಲೈನ್, ಮ್ಯಾನ್‌ಹೋಲ್, ಮನೆ ಪೈಪ್ ಮೂರನ್ನೂ ಒಟ್ಟಿಗೇ ಮುಗಿಸಬೇಕು. ಊರೆಲ್ಲ ಹರಡಿ ಅಲ್ಲೊಂದು ಇಲ್ಲೊಂದು ಮನೆ ದುರಸ್ತಿ ಮಾಡಿದರೆ ಮೀಟರ್‌ನಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು, ಒಸರಿ ಬರುವ ನೀರು ಬೇರೆ, ನೇರವಾಗಿ ಸುರಿಯುವ ಮಳೆನೀರು ಬೇರೆ. ಎರಡಕ್ಕೂ ಮದ್ದು ಒಂದೇ ಅಲ್ಲ. ಒಂದು ಲೆಕ್ಕ ನೋಡಿ: 100 ಚದರ ಮೀಟರ್ ಛಾವಣಿಯ ಮೇಲೆ ಗಂಟೆಗೆ 25 ಮಿ.ಮೀ. ಮಳೆ ಬಿದ್ದರೆ ಗಂಟೆಗೆ 2.5 ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 0.7 ಲೀಟರ್. 200 ಮಿ.ಮೀ. ವ್ಯಾಸದ ಮುಖ್ಯ ಲೈನ್ 0.4% ಇಳಿಜಾರಿನಲ್ಲಿ ತುಂಬಿ ಹರಿದರೆ (ಪೈಪ್ ಒಳಮೈಯ ಒರಟುತನ ಹೇಳುವ ಮ್ಯಾನಿಂಗ್ ಗುಣಾಂಕ 0.013) ಸೆಕೆಂಡಿಗೆ ಸುಮಾರು 21 ಲೀಟರ್ ಒಯ್ಯುತ್ತದೆ. ಛಾವಣಿಯ ನೀರನ್ನು ಸೀವರ್‌ಗೆ ಬಿಟ್ಟ ಮೂವತ್ತು ಮನೆಗಳಿದ್ದರೆ ಆ ಪೈಪ್ ಮಳೆನೀರಿನಿಂದಲೇ ತುಂಬಿತು, ಕೊಳಚೆಗೆ ಜಾಗವೇ ಇಲ್ಲ. ಛಾವಣಿ ಪೈಪ್ ಬೇರ್ಪಡಿಸುವುದು ಅಗ್ಗದ ಕೆಲಸ. ಮೊದಲು ಅದನ್ನು ಹುಡುಕಿ, ಆಮೇಲೆ ಅಗೆಯುವ ಮಾತು.

ಬೇರ್ಪಡಿಸಿದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎನ್ನುವುದೂ ನಿಯಮದಲ್ಲಿ ಬರಬೇಕು. ಗೋಡೆ ಬುಡದಲ್ಲೇ ಬಿಟ್ಟರೆ ಅದು ಸೀವರ್ ಪೈಪ್ ಹೂಳಿದ ಕಂದಕದ ಸಡಿಲ ಮಣ್ಣಿನ ಮೂಲಕ ಇಳಿದು ಅದೇ ಪೈಪ್‌ನ ಬಿರುಕಿಗೆ ಸೇರುತ್ತದೆ.

ಭಂಡಾರದಲ್ಲಿ ಮೊದಲು ಇರಬೇಕಾದದ್ದು ಅಳತೆಯ ವಿಧಾನ. ಐದೂ ಸಂಸ್ಥೆಗಳು 5 ನಿಮಿಷದ ಅಂತರದಲ್ಲಿ ಹರಿವು ದಾಖಲಿಸಲಿ, ಮಳೆಮಾಪಕ ಆ ಉಪಜಾಲದೊಳಗೇ ಇರಲಿ, ದುರಸ್ತಿಗೆ ಮುಂಚೆ ಒಂದು ಪೂರ್ತಿ ಮಳೆಗಾಲ ಮತ್ತು ನಂತರ ಒಂದು ಪೂರ್ತಿ ಮಳೆಗಾಲದ ಲೆಕ್ಕ ಇರಲಿ. ಜೊತೆಗೆ ಏನೂ ದುರಸ್ತಿ ಮಾಡದ, ಅದೇ ಥರದ ಪಕ್ಕದ ಉಪಜಾಲದಲ್ಲೂ ಮೀಟರ್ ಇಡಿ. ಅದಿಲ್ಲದಿದ್ದರೆ ಮಳೆ ಕಡಿಮೆಯಾದ ವರ್ಷವನ್ನು ಯೋಜನೆಯ ಯಶಸ್ಸು ಎಂದು ಬರೆದುಕೊಳ್ಳುವ ಅಪಾಯವಿದೆ. ಹೋಲಿಸಬೇಕಾದದ್ದು ಬಿದ್ದ ಮಳೆಯ ಶೇಕಡಾ ಎಷ್ಟು ಪಾಲು ಸೀವರ್‌ಗೆ ಬಂತು ಎನ್ನುವುದನ್ನು. ಬರೀ ಗರಿಷ್ಠ ಹರಿವನ್ನಲ್ಲ. ಮೀಟರನ್ನು ತಿರುವಿನಲ್ಲಾಗಲಿ, ಮೇಲಿಂದ ನೀರು ಧುಮುಕುವ ಮ್ಯಾನ್‌ಹೋಲ್‌ನಲ್ಲಾಗಲಿ ಇಡಬೇಡಿ. ತಳಮಟ್ಟದ ಹರಿವಿದ್ದಾಗ ವೇಗದ ಸೆನ್ಸರ್ ತಪ್ಪು ಓದುತ್ತದೆ, ಬಟ್ಟೆ ಚಿಂದಿ ಸಿಕ್ಕಿಕೊಂಡರೂ ಅಷ್ಟೇ. ಹಂಚಿಕೊಳ್ಳುವಾಗ ಗ್ರಾಫ್‌ನ ಚಿತ್ರ ಕೊಟ್ಟು ಪ್ರಯೋಜನವಿಲ್ಲ, ಮೂಲ ಅಂಕಿಗಳ ಫೈಲ್ ಕೊಡಿ.

ಉತ್ತರ 2: ಕಡತ_ವಿಭಾಗ

ಕಾಗದಪತ್ರದ ಬಗ್ಗೆ ಹೇಳುತ್ತೇನೆ. ಬೈಲಾವನ್ನು ಇದ್ದಂತೆ ನಕಲು ಮಾಡಲೇಬೇಡಿ. ನಮೂನೆಗಳನ್ನು ಮಾಡಬಹುದು.

ಬೈಲಾದ ಜೀವ ಇರುವುದು ಒಂದೇ ವಾಕ್ಯದಲ್ಲಿ: ಮಾಲೀಕರ ಹೊಣೆ ಎಲ್ಲಿಗೆ ಮುಗಿಯುತ್ತದೆ. ಕೆಲವು ಕಡೆ ಕಾಂಪೌಂಡ್ ಗಡಿಯವರೆಗೆ, ಕೆಲವು ಕಡೆ ರಸ್ತೆಯಡಿ ಮುಖ್ಯ ಲೈನ್ ಸೇರುವ ಜಾಯಿಂಟ್‌ವರೆಗೆ, ಇನ್ನು ಕೆಲವು ಕಡೆ ಜಾಯಿಂಟ್ ಕೂಡ ಮಾಲೀಕರದ್ದೇ. ಗಡಿಯವರೆಗೆ ಎಂಬ ಊರಿನ ದರಪಟ್ಟಿ, ಒಪ್ಪಿಗೆ ಪತ್ರ, ವಾರಂಟಿ ಯಾವುದೂ ಮುಖ್ಯ ಲೈನ್‌ವರೆಗೆ ಎಂಬ ಊರಿಗೆ ಹೊಂದುವುದಿಲ್ಲ. ಹಂಚುವ ಪ್ರತಿಯೊಂದು ಕಡತದ ಮೊದಲ ಪುಟದಲ್ಲಿ ಈ ಗಡಿಯ ಗೆರೆ, ಸಾರ್ವಜನಿಕ ಹಣವನ್ನು ಖಾಸಗಿ ಆಸ್ತಿಗೆ ಹಾಕಲು ಇರುವ ಕಾನೂನು ಆಧಾರ, ಕೊನೆಯ ತಿದ್ದುಪಡಿಯ ದಿನಾಂಕ ಮೂರೂ ಇರಲಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಖರ್ಚನ್ನು ಸಮರ್ಥಿಸುವುದು ಸಾರ್ವಜನಿಕ ಪ್ರಯೋಜನ, ಅಂದರೆ ಉಕ್ಕಿ ಹರಿಯುವುದು ತಪ್ಪುವುದು ಮತ್ತು ಘಟಕದ ಹೊರೆ ಇಳಿಯುವುದು. ಅದನ್ನು ಬರೆದಿಡದ ಯೋಜನೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತದೆ.

ನಿಮ್ಮ ಪರಿಸ್ಥಿತಿಗೆ ಹತ್ತಿರದ ಮಾದರಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಈಸ್ಟ್ ಬೇ ಮುನ್ಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಕೊಳಚೆನೀರನ್ನು ಸಂಸ್ಕರಿಸುತ್ತದೆ, ಊರೊಳಗಿನ ಸೀವರ್ ಜಾಲಗಳು ಬೇರೆ ಬೇರೆ ನಗರಗಳದ್ದು. ಮನೆ ಪೈಪ್‌ಗೆ ಅಲ್ಲಿ ಪ್ರಾದೇಶಿಕ ನಿಯಮವಿದೆ. ಆಸ್ತಿ ಮಾರುವಾಗ, ದೊಡ್ಡ ಮೊತ್ತದ ನವೀಕರಣ ಮಾಡುವಾಗ, ನೀರಿನ ಮೀಟರ್‌ನ ಗಾತ್ರ ಬದಲಿಸುವಾಗ ಪೈಪ್ ಸೋರುವುದಿಲ್ಲ ಎಂಬ ಪ್ರಮಾಣಪತ್ರ ಬೇಕು. ಪೈಪ್ ಪೂರ್ತಿ ಹೊಸದಾದರೆ ಪ್ರಮಾಣಪತ್ರಕ್ಕೆ 20 ವರ್ಷ ಆಯುಸ್ಸು, ಪೂರ್ತಿ ಬದಲಿಸದೆ ಪರೀಕ್ಷೆ ಪಾಸಾದರೆ 7 ವರ್ಷ. ಇದರಲ್ಲಿ ಎರವಲು ಪಡೆಯಬೇಕಾದದ್ದು ಆ ಅಂಕಿಗಳನ್ನಲ್ಲ, ಹಣ ಕೈಬದಲಾಗುವ ಹೊತ್ತಿಗೆ ದುರಸ್ತಿಯನ್ನು ಕಟ್ಟಿಹಾಕುವ ಜಾಣ್ಮೆಯನ್ನು. ಆದರೆ ಅದರ ಮಿತಿಯೂ ಗೊತ್ತಿರಲಿ: ಮನೆಗಳು ಮಾರಾಟವಾದ ವೇಗದಲ್ಲೇ ದುರಸ್ತಿ ಆಗುತ್ತದೆ, ಅದೂ ಚದುರಿಕೊಂಡು. ಉತ್ತರ 1ರಲ್ಲಿ ಹೇಳಿದಂತೆ ಒಂದೇ ಉಪಜಾಲದಲ್ಲಿ ಬೇಗ ಫಲ ಬೇಕಿದ್ದರೆ ಸಂಸ್ಥೆಯೇ ಹಣ ಹಾಕಿ ಬೀದಿಬೀದಿ ಮುಗಿಸುವ ಯೋಜನೆಯೂ ಜೊತೆಗೆ ಬೇಕು.

ಪ್ರವೇಶದ ಒಪ್ಪಿಗೆ ಪತ್ರ ಕೆಡುವುದು ನಾಲ್ಕು ಜಾಗದಲ್ಲಿ. ಸಹಿ ಹಾಕಿದವರು ಬಾಡಿಗೆದಾರರಾಗಿರುತ್ತಾರೆ. ಒಂದೇ ಪೈಪ್ ಎರಡು ಮನೆಗೆ ಸೇರಿದ್ದು, ಒಬ್ಬರ ಸಹಿ ಮಾತ್ರ ಇರುತ್ತದೆ. ಕ್ಯಾಮೆರಾ ಪರಿಶೀಲನೆಗೆ ಒಪ್ಪಿಗೆ ಇರುತ್ತದೆ, ಅಗೆತಕ್ಕೆ ಇರುವುದಿಲ್ಲ. ಅಂಗಳದ ಟೈಲ್ಸು, ಮರ, ಕಾಂಪೌಂಡ್ ಗೋಡೆ ಯಾವ ಸ್ಥಿತಿಗೆ ಮರಳಿಸುತ್ತೀರಿ ಎಂದು ಬರೆದಿರುವುದಿಲ್ಲ. ಪರಿಶೀಲನೆ, ದುರಸ್ತಿ, ವಾರಂಟಿ ಅವಧಿಯ ಮರುಭೇಟಿ ಮೂರಕ್ಕೂ ಒಂದೇ ಪತ್ರ, ಮಾಲೀಕರ ಸಹಿ, ಕೆಲಸಕ್ಕೆ ಮುಂಚೆ ತೆಗೆದ ಅಂಗಳದ ಫೋಟೋ ಲಗತ್ತು ಇದ್ದರೆ ಜಗಳ ಅರ್ಧ ಕಡಿಮೆ.

ಉತ್ತರ 3: ಕಂದಕ_ಬೇಡ

ಕಾಮಗಾರಿಯ ತಾಂತ್ರಿಕ ವಿವರಣೆ ಹಂಚುವಾಗ ವಿಧಾನದ ಹೆಸರು ಬರೆದರೆ ಸಾಲದು, ಅದು ಎಲ್ಲಿ ಒಗ್ಗುವುದಿಲ್ಲ ಎನ್ನುವುದನ್ನೂ ಬರೆಯಬೇಕು. ಒಳಗೇ ಗಟ್ಟಿಯಾಗುವ ಲೈನಿಂಗ್ ಆಗಲಿ, ಹಳೆ ಪೈಪ್ ಒಡೆದು ಅದೇ ದಾರಿಯಲ್ಲಿ ಹೊಸ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಎಳೆಯುವ ಪೈಪ್ ಬರ್ಸ್ಟಿಂಗ್ ಆಗಲಿ, ತಗ್ಗಿದ ಪೈಪನ್ನು ನೇರ ಮಾಡುವುದಿಲ್ಲ. ಹಳೆಯದು ಕುಸಿದು ನೀರು ನಿಲ್ಲುತ್ತಿದ್ದರೆ ಹೊಸದರಲ್ಲೂ ಅಲ್ಲೇ ನಿಲ್ಲುತ್ತದೆ. ಆ ಭಾಗವನ್ನು ಅಗೆದೇ ಇಳಿಜಾರು ಸರಿಮಾಡಬೇಕು, 100 ಮಿ.ಮೀ. ಪೈಪ್‌ಗೆ ಸಾಮಾನ್ಯವಾಗಿ ಕೇಳುವುದು 50 ಮೀಟರಿಗೆ 1 ಮೀಟರ್.

ಲೈನಿಂಗ್‌ನಲ್ಲಿ ಹೆಚ್ಚು ಕೆಡುವುದು ತಯಾರಿಯಲ್ಲಿ. ಬೇರನ್ನು ಪೈಪ್ ಗೋಡೆಯ ಮಟ್ಟಕ್ಕೆ ಕತ್ತರಿಸದಿದ್ದರೆ ಲೈನರ್ ಅಲ್ಲಿ ಉಬ್ಬುತ್ತದೆ. ಬಿಸಿ ವಾತಾವರಣದಲ್ಲಿ ಲೈನರ್‌ಗೆ ಹೀರಿಸಿದ ರೆಸಿನ್ (ಗಟ್ಟಿಯಾಗುವ ರಾಳ) ಬೇಗ ಗಟ್ಟಿಯಾಗಿ ಲೈನರ್ ಅರ್ಧ ದಾರಿಯಲ್ಲೇ ನಿಂತರೆ ಅಗೆಯದೆ ಬೇರೆ ದಾರಿಯಿಲ್ಲ, ಆದ್ದರಿಂದ ಕಲಸಿದ ಸಮಯ ಮತ್ತು ಉಷ್ಣಾಂಶ ಬರೆದಿಡುವುದನ್ನು ಕಡ್ಡಾಯ ಮಾಡಿ. ಮಧ್ಯದಲ್ಲಿ ಇನ್ನೊಂದು ಶೌಚಾಲಯದ ಪೈಪ್ ಸೇರುತ್ತಿದ್ದರೆ ಮೊದಲೇ ದೂರ ಅಳೆದು ಗುರುತಿಸಿ, ಲೈನಿಂಗ್ ಆದಮೇಲೆ ಆ ಬಾಯಿ ಕತ್ತರಿಸಿ ತೆರೆಯಬೇಕು. ಲೈನರ್ ತುದಿ ಮುಖ್ಯ ಲೈನ್ ಒಳಗೆ ಚಾಚಿಕೊಂಡರೆ ಜೋರು ನೀರಿನಿಂದ ಪೈಪ್ ತೊಳೆಯುವ ಜೆಟ್ಟಿಂಗ್ ಮೆದುಗೊಳವೆಯೂ ಕ್ಯಾಮೆರಾವೂ ಅಲ್ಲಿ ಸಿಕ್ಕಿಕೊಳ್ಳುತ್ತವೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಜಾಯಿಂಟನ್ನು ಬಿಟ್ಟುಬಿಡುವುದು. ಮುಖ್ಯ ಲೈನ್‌ಗೂ ಲೈನಿಂಗ್, ಮನೆ ಪೈಪ್‌ಗೂ ಲೈನಿಂಗ್ ಆಗಿರುತ್ತದೆ, ಎರಡೂ ಸೇರುವ ಬಾಯಿ ಮಾತ್ರ ಹಳೆಯದು. ಲೈನರ್ ಮತ್ತು ಹಳೆ ಪೈಪ್ ನಡುವಿನ ಸಂದಿನಲ್ಲಿ ನೀರು ಹರಿದು ಅಲ್ಲೇ ಹೊರಬರುತ್ತದೆ. ಮುಖ್ಯ ಲೈನ್ ಮತ್ತು ಮನೆ ಪೈಪ್ ಎರಡನ್ನೂ ಒಂದೇ ತುಂಡಿನಲ್ಲಿ ಮುಚ್ಚುವ ಲೈನರ್‌ಗೆ ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಎಫ್2561 ಎಂಬ ಮಾನದಂಡವಿದೆ. ತುದಿಗಳಲ್ಲಿ ನೀರು ತಾಗಿದರೆ ಉಬ್ಬುವ ಸೀಲ್ ಉಂಗುರವನ್ನೂ ಕೇಳಿ.

ಬರ್ಸ್ಟಿಂಗ್ ಆದರೆ ಎರಡೂ ತುದಿಯಲ್ಲಿ ಗುಂಡಿ ಬೇಕು. ಪೈಪ್ ಆಳ ಕಡಿಮೆ ಇದ್ದರೆ ಮೇಲಿನ ಕಾಂಕ್ರೀಟ್ ಎದ್ದು ಒಡೆಯುತ್ತದೆ. ಹತ್ತಿರ ಹಾಯುವ ಗ್ಯಾಸ್, ನೀರಿನ ಪೈಪ್‌ಗಳನ್ನು ಮೊದಲೇ ಗುಂಡಿ ತೋಡಿ ಕಣ್ಣಾರೆ ನೋಡಬೇಕು. ನಕ್ಷೆ ನಂಬಿ ಎಳೆಯಬಾರದು.

ಅಂಗೀಕಾರ ಪರೀಕ್ಷೆ: ಪ್ಲಾಸ್ಟಿಕ್ ಪೈಪ್‌ಗೆ ಎಎಸ್‌ಟಿಎಂ ಎಫ್1417ರ ಗಾಳಿ ಪರೀಕ್ಷೆ. ಸುಮಾರು 27.6 ಕಿಲೋಪಾಸ್ಕಲ್‌ಗೆ ಏರಿಸಿ, ಸ್ಥಿರವಾಗಲು ಬಿಟ್ಟು, 24ರಿಂದ ನಿಗದಿತ ಮಟ್ಟಕ್ಕೆ ಎಷ್ಟು ಹೊತ್ತಿನಲ್ಲಿ ಇಳಿಯುತ್ತದೆ ಎಂದು ಕೋಷ್ಟಕದ ಸಮಯದೊಂದಿಗೆ ಹೋಲಿಸುವುದು. ಅಂತರ್ಜಲ ಪೈಪ್‌ಗಿಂತ ಮೇಲಿದ್ದರೆ ಪ್ರತಿ ಮೀಟರಿಗೆ 9.8 ಕಿಲೋಪಾಸ್ಕಲ್ ಸೇರಿಸಬೇಕು, ಇಲ್ಲದಿದ್ದರೆ ಸೋರುವ ಪೈಪ್ ಕೂಡ ಪಾಸಾಗಬಹುದು. ಸುರಕ್ಷತೆಯ ಮಾತು ದಪ್ಪ ಅಕ್ಷರದಲ್ಲಿರಲಿ: 24 ಕಿಲೋಪಾಸ್ಕಲ್‌ನಲ್ಲಿ ಪೈಪ್ ಬಾಯಿ ಮುಚ್ಚುವ 150 ಮಿ.ಮೀ. ಪ್ಲಗ್ ಮೇಲೆ ಬೀಳುವ ಬಲ 40 ಕೆ.ಜಿ. ಭಾರಕ್ಕಿಂತ ಹೆಚ್ಚು. ಆಧಾರ ಕೊಡದ ಪ್ಲಗ್ ಗುಂಡಿನಂತೆ ಹಾರುತ್ತದೆ, ಒತ್ತಡ ಇರುವಾಗ ಯಾರೂ ಗುಂಡಿಯೊಳಗೆ ಇರಕೂಡದು.

ಒಳಹರಿವು

ಬಹಳ ಉಪಯೋಗವಾಯಿತು. ದರಪಟ್ಟಿ ಮತ್ತು ಉಪಕರಣ ಹಂಚಿಕೊಳ್ಳುವ ಬಗ್ಗೆ? ಒಂದು ಸಂಸ್ಥೆಯ ಬಳಿ ತಳ್ಳುವ ಕ್ಯಾಮೆರಾ, ಇನ್ನೊಂದರ ಬಳಿ ಹೊಗೆ ಪರೀಕ್ಷೆಯ ಬ್ಲೋವರ್ (ಸೋರಿಕೆ ಹುಡುಕಲು ಸೀವರ್‌ಗೆ ಹೊಗೆ ಊದುವ ಯಂತ್ರ) ಇದೆ ಎಂದಾದರೆ?

ಉತ್ತರ 4: ಟೆಂಡರ್_ಮೇಜು

ಒಂದು ಮನೆಗೆ ಇಷ್ಟು ಖರ್ಚಾಯಿತು ಎಂಬ ಸಾಲು ಹಂಚಿದರೆ ಯಾರಿಗೂ ಉಪಯೋಗವಿಲ್ಲ, ದಾರಿ ತಪ್ಪಿಸುತ್ತದೆ. ಖರ್ಚು ನಿರ್ಧರಿಸುವುದು ಪೈಪ್‌ನ ಉದ್ದಕ್ಕಿಂತ ಆಳ, ಮೇಲ್ಮೈ, ಗುಂಡಿಗಳ ಸಂಖ್ಯೆ. ಪ್ರತಿ ಮನೆಗೂ ಇವಿಷ್ಟು ಅಂಕಣ ಇಡಿ: ವ್ಯಾಸ, ಹಳೆ ಪೈಪ್ ಯಾವುದರದ್ದು (ಸ್ಟೋನ್‌ವೇರ್, ಬೀಡು ಕಬ್ಬಿಣ, ಪಿವಿಸಿ), ಉದ್ದ, ಗರಿಷ್ಠ ಆಳ, ಮೇಲ್ಮೈ ಹುಲ್ಲೋ ಕಾಂಕ್ರೀಟೋ, ವಿಧಾನ, ಹೊಸ ಕ್ಲೀನ್‌ಔಟ್ (ಪೈಪ್ ಶುಚಿ ಮಾಡಲು ಇಡುವ ಬಾಯಿ) ಹಾಕಿದ್ದೀರಾ, ಜಾಯಿಂಟ್ ಸೇರಿದೆಯೇ, ಅಂಗಳ ಮರಳಿಸಿದ ಖರ್ಚು ಪ್ರತ್ಯೇಕವಾಗಿ, ಟೆಂಡರ್ ಆದ ತಿಂಗಳು. ವಿಳಾಸ ಮತ್ತು ಮಾಲೀಕರ ಹೆಸರು ಬೇಡ, ಉಪಜಾಲದ ಸಂಖ್ಯೆ ಸಾಕು. ಮಧ್ಯದಲ್ಲೇ ನಿಂತ ಕೆಲಸಗಳ ಸಾಲನ್ನೂ ಸೇರಿಸಿ. ಅವನ್ನು ಅಳಿಸಿದ ದರಪಟ್ಟಿ ಯಾವಾಗಲೂ ಕಡಿಮೆ ಅಂದಾಜು ಕೊಡುತ್ತದೆ.

ಕ್ಯಾಮೆರಾ ದಾಖಲೆಗೆ ಎಲ್ಲರೂ ಒಂದೇ ಸಂಕೇತ ಬಳಸಬೇಕು. ಅಮೆರಿಕದ ಸೀವರ್ ಉದ್ಯಮದ ಸಂಘವಾದ ನ್ಯಾಸ್ಕೊದ ಸಂಕೇತಗಳಲ್ಲಿ ಮುಖ್ಯ ಲೈನ್‌ಗೆ ಪಿಎಸಿಪಿ ಇದ್ದ ಹಾಗೆ ಮನೆ ಪೈಪ್‌ಗೆ ಎಲ್‌ಎಸಿಪಿ ಇದೆ. ಒಬ್ಬರು "ಸಣ್ಣ ಬಿರುಕು" ಎಂದೂ ಇನ್ನೊಬ್ಬರು "ಹಾನಿ" ಎಂದೂ ಬರೆದರೆ ಐದು ಊರಿನ ಪಟ್ಟಿ ಸೇರಿಸಿ ಆದ್ಯತೆ ನಿರ್ಧರಿಸಲು ಆಗುವುದಿಲ್ಲ.

ಉಪಕರಣಕ್ಕೆ ಒಂದು ಸಣ್ಣ ಒಪ್ಪಂದ ಸಾಕು, ಆದರೆ ಲಿಖಿತವಾಗಿರಲಿ. ಕ್ಯಾಮೆರಾ ತಲೆ ಪೈಪ್‌ನಲ್ಲಿ ಸಿಕ್ಕಿಕೊಂಡರೆ ಅಗೆಯುವ ಖರ್ಚು ಯಾರದ್ದು, ಮೀಟರ್ ಕ್ಯಾಲಿಬ್ರೇಷನ್ ಯಾರು ಮಾಡಿಸಬೇಕು, ಹೊಗೆ ದ್ರವದಂಥ ಖರ್ಚಾಗುವ ಸಾಮಾನು ಯಾರು ತರಬೇಕು, ವಿಮೆ ಯಾರ ಹೆಸರಲ್ಲಿ. ಮೀಟರ್‌ಗಳನ್ನು ಮಾತ್ರ ಸರದಿಯಲ್ಲಿ ಕೊಡಲು ಹೋಗಬೇಡಿ. ಮಳೆ ಐದೂ ಊರಿಗೆ ಒಟ್ಟಿಗೇ ಬರುತ್ತದೆ, ಎಲ್ಲರಿಗೂ ಅದೇ ವಾರ ಬೇಕು. ಕ್ಯಾಮೆರಾ, ಬ್ಲೋವರ್ ಒಣಗಾಲದ ಸಾಮಾನು, ಅವನ್ನು ಧಾರಾಳವಾಗಿ ಹಂಚಬಹುದು.

ಜಂಟಿ ಟೆಂಡರ್ ಕರೆದರೆ ಪ್ರಮಾಣ ಹೆಚ್ಚಿ ದರ ಇಳಿಯುವ ಸಾಧ್ಯತೆ ಇದೆ. ಆದರೆ ಪ್ರತಿ ಸಂಸ್ಥೆಯೂ ತನ್ನ ಕಾರ್ಯಾದೇಶ ತಾನೇ ಕೊಡುವಂತೆ, ತನ್ನ ಬಿಲ್ ತಾನೇ ಪಾಸು ಮಾಡುವಂತೆ ಬರೆಯಿರಿ.

ಉತ್ತರ 5: ಹೊಗೆ_ಪರೀಕ್ಷೆ

ಬ್ಲೋವರ್ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಹೊಗೆ ಪರೀಕ್ಷೆಯನ್ನು ನೆಲ ಒಣಗಿರುವಾಗಲೇ ಮಾಡಿ. ನೆನೆದ ಮಣ್ಣಿನ ರಂಧ್ರಗಳಲ್ಲಿ ನೀರಿರುತ್ತದೆ, ಬಿರುಕಿನಿಂದ ಹೊರಟ ಹೊಗೆ ಮೇಲೆ ಬರುವುದಿಲ್ಲ. ಎರಡು ದಿನ ಮುಂಚೆ ಪ್ರತಿ ಮನೆಗೂ ಚೀಟಿ, ಅದೇ ದಿನ ಬೆಳಿಗ್ಗೆ ಅಗ್ನಿಶಾಮಕ ಠಾಣೆಗೆ ಬೀದಿಗಳ ಪಟ್ಟಿ. ಚೀಟಿಯಲ್ಲಿ ಮೊದಲ ಸಾಲು: ಬಳಸದ ಬಚ್ಚಲು, ನೆಲದ ಜಾಲರಿಗಳಿಗೆ ಒಂದು ಬಕೆಟ್ ನೀರು ಸುರಿಯಿರಿ. ಟ್ರ್ಯಾಪ್ (ನೀರು ನಿಂತು ಅನಿಲ ತಡೆಯುವ ಪೈಪ್‌ನ ಬಾಗು) ಒಣಗಿದ್ದರೆ ಹೊಗೆ ಮನೆಯೊಳಗೆ ಬರುತ್ತದೆ. ಹಾಗೆ ನೀರು ಹಾಕಿದ ಮೇಲೂ ಒಳಗೆ ಬಂದರೆ ಅಲ್ಲಿ ಸೀವರ್ ಅನಿಲವೂ ಬರುತ್ತಿದೆ ಎಂದೇ ಅರ್ಥ, ಕೂಡಲೇ ಕಿಟಕಿ ತೆರೆದು ಸಿಬ್ಬಂದಿಗೆ ಹೇಳಬೇಕು.

ಹೊಗೆಯಲ್ಲಿ ಕಾಣದ ಒಂದು ವರ್ಗವಿದೆ: ಟ್ರ್ಯಾಪ್ ಇರುವ ಅಂಗಳದ ಚರಂಡಿ ಮತ್ತು ನೀರೆತ್ತುವ ಸಂಪ್ ಪಂಪ್‌ನ ಪೈಪ್. ನೀರು ಹೊಗೆಯನ್ನು ತಡೆಯುತ್ತದೆ. ಅವಕ್ಕೆ ಬಣ್ಣದ ಪರೀಕ್ಷೆ: ಫ್ಲೋರೆಸಿನ್ ಬೆರೆಸಿದ ನೀರು ಹಾಕಿ, ಕೆಳಗಿನ ಮ್ಯಾನ್‌ಹೋಲ್‌ನಲ್ಲಿ ಹಸಿರು ಬರುವವರೆಗೆ ಕಾಯುವುದು. ಪಕ್ಕದ ಮನೆಗೆ ಹೋಗುವ ಮುಂಚೆ ಬಣ್ಣ ಪೂರ್ತಿ ತೊಳೆದುಹೋಗಿದೆಯೇ ನೋಡಿ, ಇಲ್ಲದಿದ್ದರೆ ಎರಡನೇ ಮನೆಯ ಮೇಲೆ ಮೊದಲ ಮನೆಯ ತಪ್ಪು ಬೀಳುತ್ತದೆ. ಭಂಡಾರಕ್ಕೆ ಈ ಚೀಟಿಯ ನಮೂನೆಯನ್ನೂ ಹಾಕಿ, ಆ ಊರಿನ ಜನ ಓದುವ ಭಾಷೆಗಳಲ್ಲೆಲ್ಲ.