ಪ್ಲೇಸ್ಟೇಷನ್ 4ರ ಅನಂತರ ಸೋನಿಯ ಯಂತ್ರಗಳಲ್ಲಿ ಸ್ವಂತಿಕೆ ಉಳಿದಿದೆಯೇ? – ಚರ್ಚೆ

ಮಾಧವ:
ಸೋನಿಯ ವಿಡಿಯೊ ಗೇಮ್ ಯಂತ್ರಗಳಾದ ಐದು ಪ್ಲೇಸ್ಟೇಷನ್‌ಗಳ ಒಳಗಿನ ಚಿಪ್‌ಗಳನ್ನು ಸಾಲಾಗಿ ಹೋಲಿಸಿ ನೋಡಿದವರಿಗೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ವಂಶವೇ ಬದಲಾದದ್ದು ಕಾಣುತ್ತದೆ. 1994ರ ಡಿಸೆಂಬರ್ 3ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಯಂತ್ರದಲ್ಲಿ ಮುಖ್ಯ ಪ್ರೊಸೆಸರಿನ ಮಗ್ಗುಲಲ್ಲೇ ಮೂರು ಆಯಾಮದ ಲೆಕ್ಕಗಳಿಗೆಂದೇ ಮೀಸಲಾದ ಘಟಕವೊಂದಿತ್ತು. 2000ದ ಮಾರ್ಚ್‌ನಲ್ಲಿ ಬಂದ ಎರಡನೆಯದಕ್ಕೆ ಸೋನಿ ಮತ್ತು ತೋಷಿಬಾ ಸೇರಿ ‘ಎಮೋಷನ್ ಎಂಜಿನ್’ ಎಂಬ ಪ್ರೊಸೆಸರನ್ನು ರೂಪಿಸಿದವು. 2006ರ ಮೂರನೆಯದಕ್ಕೆ ಐಬಿಎಂ ಕೂಡ ಜೊತೆಗೂಡಿ ‘ಸೆಲ್’ ಹುಟ್ಟಿತು. ಈ ಮೂರರ ಹಿಂದೆಯೂ ಇದ್ದವರು ಸೋನಿಯ ಎಂಜಿನಿಯರ್ ಕೆನ್ ಕುಟರಾಗಿ. ಮಾರುಕಟ್ಟೆಯಲ್ಲಿ ಸಿಗುವ ಚಿಪ್ಪನ್ನು ತಂದು ಜೋಡಿಸಿದರೆ ಸಾಕೆಂದು ಅವರು ಎಂದೂ ಭಾವಿಸಿದಂತಿಲ್ಲ.

2013ರ ಪ್ಲೇಸ್ಟೇಷನ್ 4ರಲ್ಲಿ ಇದೆಲ್ಲ ನಿಂತುಹೋಯಿತು. ಪಿಸಿಗಳಿಗೆ ಚಿಪ್ ಮಾಡುವ ಎಎಂಡಿ ಕಂಪನಿಯ ಎಂಟು ಜಾಗ್ವಾರ್ ಕೋರ್‌ಗಳು (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳು), ಅದೇ ಕಂಪನಿಯ ಗ್ರಾಫಿಕ್ಸ್ ಚಿಪ್, 8 ಜಿಬಿ ಮೆಮೊರಿ. ಪ್ರತಿಸ್ಪರ್ಧಿಯಾದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್‌ನಲ್ಲಿಯೂ ಅದೇ ಜಾಗ್ವಾರ್ ಕೋರ್‌ಗಳಿದ್ದವು. ಅಂದಿನಿಂದ ನಾವು ಕೊಳ್ಳುತ್ತಿರುವುದು ಪ್ಲೇಸ್ಟೇಷನ್ ಎಂಬ ಹೆಸರು ಹೊತ್ತ ಪಿಸಿಯನ್ನು. ಹೆಸರು ಮುಂದುವರಿದಿದೆ, ಆ ಹೆಸರಿಗೆ ಅರ್ಥ ತಂದುಕೊಟ್ಟಿದ್ದ ಎಂಜಿನಿಯರಿಂಗ್ ಸಾಹಸ ಮುಂದುವರಿದಿಲ್ಲ ಎಂಬುದು ನನ್ನ ವಾದ.

ಸುಮಂಗಲಾ:
ಮಾಧವ ಅವರೇ, ಮೊದಲ ಪ್ಲೇಸ್ಟೇಷನ್ ಗೆದ್ದದ್ದು ಚಿಪ್ಪಿನ ಸಾಹಸದಿಂದ ಎಂಬ ನಿಮ್ಮ ಗ್ರಹಿಕೆಯಲ್ಲೇ ನನಗೆ ತಕರಾರಿದೆ. ಸಾಹಸವೇ ಮುಖ್ಯವಾಗಿದ್ದರೆ ಅಂದು ಗೆಲ್ಲಬೇಕಾಗಿದ್ದದ್ದು ಸೆಗಾ ಕಂಪನಿಯ ಸ್ಯಾಟರ್ನ್. ಅದರಲ್ಲಿ ಎರಡು ಮುಖ್ಯ ಪ್ರೊಸೆಸರ್‌ಗಳಿದ್ದವು. ಚಿತ್ರಗಳನ್ನು ತ್ರಿಕೋನಗಳ ಬದಲು ಚತುರ್ಭುಜಗಳಿಂದ ಕಟ್ಟಬೇಕಿತ್ತು. ಎರಡೂ ಪ್ರೊಸೆಸರ್‌ಗಳನ್ನು ಒಂದಕ್ಕೊಂದು ಅಡ್ಡಬಾರದಂತೆ ದುಡಿಸಿಕೊಳ್ಳಲು ಡೆವಲಪರ್‌ಗಳು, ಅಂದರೆ ಆಟ ತಯಾರಿಸುವವರು, ಹೆಣಗಾಡಿದರು. ಸೋನಿಯ ಯಂತ್ರವಾದರೋ ಸಿ ಭಾಷೆಯಲ್ಲಿ ಬರೆದು, ಸೋನಿಯೇ ಒದಗಿಸಿದ ಸಿದ್ಧ ಪ್ರೋಗ್ರಾಂ ಲೈಬ್ರರಿಗಳನ್ನು ಬಳಸಿ, ಬೇಗನೆ ಕೆಲಸ ತೆಗೆಯಬಹುದಾದ ಸರಳ ಯಂತ್ರ. ಬೆಲೆಯ ಲೆಕ್ಕ ಬೇರೆಯೇ ಇತ್ತು. 1995ರ ಮೇ ತಿಂಗಳಲ್ಲಿ ನಡೆದ ಇ3 ಎಂಬ ವಿಡಿಯೊ ಗೇಮ್ ಸಮಾವೇಶದಲ್ಲಿ ಸೆಗಾ ತನ್ನ ಯಂತ್ರಕ್ಕೆ 399 ಡಾಲರ್ ಎಂದು ಘೋಷಿಸಿದ ಮೇಲೆ, ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ‘299’ ಎಂದಷ್ಟೇ ಹೇಳಿ ಇಳಿದುಹೋದರು.

ಮೂರನೆಯ ಕಾರಣ ಸಿಡಿ. ನಿಂಟೆಂಡೊ 64ರ ಕಾರ್ಟ್ರಿಜ್‌ಗಳಲ್ಲಿ ಅತಿ ದೊಡ್ಡವಕ್ಕೂ 64 ಎಂಬಿ ಮಿತಿಯಿದ್ದಾಗ, ಒಂದು ಸಿಡಿಯಲ್ಲಿ 650 ಎಂಬಿಯಷ್ಟು ಹಿಡಿಯುತ್ತಿತ್ತು, ಅಚ್ಚುಹಾಕಿಸುವ ವೆಚ್ಚವೂ ತೀರ ಕಡಿಮೆ. ಅಲ್ಲಿಯವರೆಗೆ ನಿಂಟೆಂಡೊ ಜೊತೆಗಿದ್ದ ಸ್ಕ್ವೇರ್ ಕಂಪನಿ 1997ರಲ್ಲಿ ‘ಫೈನಲ್ ಫ್ಯಾಂಟಸಿ 7’ ಅನ್ನು ಮೂರು ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ತಂದದ್ದು ಇದೇ ಕಾರಣಕ್ಕೆ.

ಇನ್ನು ಆ ಯಂತ್ರದ ಗ್ರಾಫಿಕ್ಸ್ ಎಷ್ಟು ಮಿತವ್ಯಯದ್ದಾಗಿತ್ತು ಎಂಬುದನ್ನು ಹಳೆಯ ಆಟ ಯಾವುದನ್ನಾದರೂ ತೆರೆದು ನೆಲಹಾಸಿನ ಚೌಕಗಳನ್ನು ದಿಟ್ಟಿಸಿದರೆ ತಿಳಿಯುತ್ತದೆ. ಪಾತ್ರ ನಡೆದಂತೆಲ್ಲ ಗೋಡೆಯ ಬುಡದಲ್ಲಿ ಚೌಕಗಳ ಗೆರೆ ಓರೆಯಾಗಿ ಮುರಿಯುತ್ತದೆ, ದೂರದ ಅಂಚುಗಳು ಸಣ್ಣಗೆ ನಡುಗುತ್ತವೆ. ದೂರ ಹೋದಂತೆ ಚಿತ್ರ ಹೇಗೆ ಕುಗ್ಗಬೇಕೆಂಬ ತಿದ್ದುಪಡಿಯನ್ನು ಆ ಚಿಪ್ ಮಾಡುತ್ತಿರಲಿಲ್ಲ; ತ್ರಿಕೋನದ ಮೂಲೆಗಳನ್ನು ಪೂರ್ಣ ಪಿಕ್ಸೆಲ್‌ಗಳಿಗೇ ಕೂರಿಸುತ್ತಿತ್ತು; ಯಾವುದು ಮುಂದೆ, ಯಾವುದು ಹಿಂದೆ ಎಂದು ಪಿಕ್ಸೆಲ್‌ವಾರು ನೆನಪಿಡುವ ಆಳದ ಬಫರ್ ಕೂಡ ಅದರಲ್ಲಿರಲಿಲ್ಲ. ಎಲ್ಲಿ ಉಳಿಸಬಹುದೋ ಅಲ್ಲಿ ಉಳಿಸಿದ, ಡೆವಲಪರ್‌ಗೆ ತೊಡಕಾಗುವ ಕಡೆ ಮಾತ್ರ ಕೈ ಬಿಗಿಹಿಡಿಯದ ಯಂತ್ರವದು. ಆ ಲೆಕ್ಕದಲ್ಲಿ ಪ್ಲೇಸ್ಟೇಷನ್ 4 ವಂಶ ಬಿಟ್ಟದ್ದಲ್ಲ, ಮೂಲಪುರುಷನ ದಾರಿಗೆ ಮರಳಿದ್ದು.

ಮಾಧವ:
ಸರಳತೆಯೇ ಗೆಲುವಿನ ಗುಟ್ಟಾದರೆ ಪ್ಲೇಸ್ಟೇಷನ್ 2ರ ವಿಚಾರವಾಗಿ ಏನು ಹೇಳುತ್ತೀರಿ? ನಾಲ್ಕು ಮತ್ತು ಐದನೆಯ ಯಂತ್ರಗಳ ಮುಖ್ಯ ಶಿಲ್ಪಿಯಾದ ಮಾರ್ಕ್ ಸರ್ನಿ 2020ರ ಮಾರ್ಚ್‌ನ ಉಪನ್ಯಾಸದಲ್ಲಿ, ಡೆವಲಪರ್‌ಗಳ ತಂಡವೊಂದು ಹೊಸ ಯಂತ್ರದಲ್ಲಿ ಮೊದಲ ಫಲ ಕಾಣಲು ಹಿಡಿಯುವ ಕಾಲವನ್ನು ತಲೆಮಾರುವಾರು ಹೇಳಿದ್ದರು: ಮೊದಲನೆಯದಕ್ಕೆ ಒಂದೆರಡು ತಿಂಗಳು, ಎರಡನೆಯದಕ್ಕೆ 3ರಿಂದ 6 ತಿಂಗಳು, ಮೂರನೆಯದಕ್ಕೆ 6ರಿಂದ 12 ತಿಂಗಳು, ನಾಲ್ಕನೆಯದಕ್ಕೆ ಮತ್ತೆ ಒಂದೆರಡು, ಐದನೆಯದಕ್ಕೆ ಒಂದು ತಿಂಗಳಿಗಿಂತ ಕಡಿಮೆ. ಈ ಪಟ್ಟಿಯಲ್ಲಿ ಎರಡನೆಯದು ಕಷ್ಟದ ಯಂತ್ರವೇ. ಹಲವು ಸಂಖ್ಯೆಗಳ ಲೆಕ್ಕವನ್ನು ಒಟ್ಟಿಗೇ ಮಾಡುವ ಎರಡು ವೆಕ್ಟರ್ ಘಟಕಗಳನ್ನು ಕೈಯಾರೆ ನಡೆಸಬೇಕಿತ್ತು. ಗ್ರಾಫಿಕ್ಸ್ ಚಿಪ್ಪಿನೊಳಗೆ ಇದ್ದದ್ದು ಅತಿ ವೇಗದ, ಆದರೆ ಕೇವಲ 4 ಎಂಬಿ ಮೆಮೊರಿ. ಆಕೃತಿಗಳ ಮೇಲೆ ಹೊದಿಸುವ ಚಿತ್ರಗಳನ್ನು ಪ್ರತಿ ಫ್ರೇಮಿನಲ್ಲೂ ಅಲ್ಲಿಗೆ ಸುರಿಯುತ್ತಲೇ ಇರಬೇಕಿತ್ತು. ಹಾಗಿದ್ದೂ 15 ಕೋಟಿಗಿಂತ ಹೆಚ್ಚು ಮಾರಾಟವಾದ ಏಕೈಕ ಪ್ಲೇಸ್ಟೇಷನ್ ಅದೇ.

ಇಂದುಮತಿ:
ಅದು ಮಾರಾಟವಾದದ್ದು ಕಷ್ಟವಾಗಿದ್ದರೂ ಸಹ, ಕಷ್ಟವಾಗಿದ್ದುದರಿಂದ ಅಲ್ಲ. ಡಿವಿಡಿ ಪ್ಲೇಯರಿಗೇ ಕೈತುಂಬ ಹಣ ತೆರಬೇಕಾಗಿದ್ದ ಕಾಲದಲ್ಲಿ 299 ಡಾಲರಿಗೆ ಡಿವಿಡಿಯೂ ಬಂತು, ಆಟವೂ ಬಂತು. ಸೆಗಾದ ಡ್ರೀಮ್‌ಕ್ಯಾಸ್ಟ್ 2001ರಲ್ಲಿ ನಿಂತಿತು. ನಿಂಟೆಂಡೊದ ಗೇಮ್‌ಕ್ಯೂಬ್ ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಬರುವಷ್ಟರಲ್ಲಿ ಸೋನಿ ಬೇರೂರಿಯಾಗಿತ್ತು. ಕೊಳ್ಳುವವರು ಅಲ್ಲೇ ಇದ್ದುದರಿಂದ ಡೆವಲಪರ್‌ಗಳು ಹಲ್ಲುಕಚ್ಚಿ ಕಲಿತರು. ಮೂರನೆಯದಕ್ಕೆ ಆ ಅನುಕೂಲವಿರಲಿಲ್ಲ. ಎಕ್ಸ್‌ಬಾಕ್ಸ್ 360 ಒಂದು ವರ್ಷ ಮೊದಲೇ ಬಂದಿತ್ತು, ಸೋನಿಯ 60 ಜಿಬಿ ಮಾದರಿಯ ಬೆಲೆ 599 ಡಾಲರ್ ಆಗಿತ್ತು, ಮತ್ತು ಅದೇ ಆಟ ಎರಡರಲ್ಲೂ ಬಂದಾಗ ಮೊದಮೊದಲು ಅಗ್ಗದ ಯಂತ್ರದಲ್ಲಿಯೇ ಹಲವು ಬಾರಿ ಹೆಚ್ಚು ಸರಾಗವಾಗಿ ಓಡುತ್ತಿತ್ತು.

ಸುಮಂಗಲಾ:
ಇಂದುಮತಿಯವರ ಮಾತಿಗೆ ಸೆಲ್‌ನ ಒಳಗುಟ್ಟನ್ನು ಸೇರಿಸುತ್ತೇನೆ. ಒಂದು ಸಾಮಾನ್ಯ ಕೋರ್, ಅದರ ಸುತ್ತ ಎಂಟು ಸಹಾಯಕ ಘಟಕಗಳು; ಎಂಟರಲ್ಲಿ ಒಂದನ್ನು ತಯಾರಿಕೆಯ ದೋಷಗಳಿಗೆ ರಿಯಾಯಿತಿಯಾಗಿ ನಿಷ್ಕ್ರಿಯಗೊಳಿಸಿ, ಇನ್ನೊಂದನ್ನು ಆಪರೇಟಿಂಗ್ ಸಿಸ್ಟಮ್‌ಗೆ ಬಿಟ್ಟುಕೊಟ್ಟರೆ ಆಟಗಳಿಗೆ ಉಳಿಯುತ್ತಿದ್ದವು ಆರು. ಪ್ರತಿಯೊಂದಕ್ಕೂ 256 ಕೆಬಿ ಸ್ವಂತ ಮೆಮೊರಿ ಮಾತ್ರ, ಬೇಕಾದ ದತ್ತಾಂಶವನ್ನು ತಾನಾಗಿಯೇ ಹತ್ತಿರ ಇಟ್ಟುಕೊಳ್ಳುವ ಕ್ಯಾಶ್ ಇಲ್ಲ. ಬೇಕಾದ ದತ್ತಾಂಶವನ್ನು ಮುಖ್ಯ ಮೆಮೊರಿಯಿಂದ ತುಂಡು ತುಂಡಾಗಿ ತರಿಸಿಕೊಂಡು, ಲೆಕ್ಕ ಮುಗಿಸಿ, ವಾಪಸು ಕಳುಹಿಸುವ ಹೊಣೆಯೆಲ್ಲ ಪ್ರೋಗ್ರಾಂ ಬರೆದವರದೇ. ಅಮೆರಿಕದ ವಾಯುಪಡೆ 2010ರಲ್ಲಿ 1,760 ಪ್ಲೇಸ್ಟೇಷನ್ 3ಗಳನ್ನು ಜೋಡಿಸಿ ಸೂಪರ್‌ಕಂಪ್ಯೂಟರ್ ಕಟ್ಟಿತೆಂದರೆ ಅದರ ಶಕ್ತಿಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಒಂದೇ ಬಗೆಯ ಲೆಕ್ಕವನ್ನು ಎಡೆಬಿಡದೆ ಮಾಡುವ ಪ್ರಯೋಗಾಲಯದ ಕೆಲಸವೇ ಬೇರೆ. ಆಟಗಾರ ಯಾವ ಕ್ಷಣಕ್ಕೆ ಯಾವ ಗುಂಡಿ ಒತ್ತುತ್ತಾನೆಂದು ತಿಳಿಯದ ಆಟದ ಲೆಕ್ಕವೇ ಬೇರೆ.

ಅನಿರುದ್ಧ:
ಇಲ್ಲಿಯವರೆಗಿನ ಚರ್ಚೆಯೆಲ್ಲ ಡೆವಲಪರ್‌ಗಳ ಸುಖದುಃಖದ ಬಗ್ಗೆಯೇ ನಡೆದಿದೆ. ಡಿಸ್ಕ್‌ಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟುಕೊಂಡವರ ಕಡೆಯಿಂದ ನೋಡಿದರೆ ಮಾಧವ ಅವರು ಕೊಂಡಾಡುವ ಸ್ವಂತಿಕೆಗೆ ತೆತ್ತ ಬೆಲೆ ಕಾಣುತ್ತದೆ.

ಎರಡನೆಯ ಯಂತ್ರದಲ್ಲಿ ಸೋನಿ ತೋರಿದ ಜಾಣ್ಮೆ ಮೆಚ್ಚುವಂಥದ್ದು: ಮೊದಲ ಪ್ಲೇಸ್ಟೇಷನ್ನಿನ ಪ್ರೊಸೆಸರನ್ನೇ ತಂದು, ಕಂಟ್ರೋಲರ್, ಮೆಮೊರಿ ಕಾರ್ಡ್ ಮುಂತಾದವನ್ನು ನೋಡಿಕೊಳ್ಳುವ ಚಾಕರಿಗೆ ಇರಿಸಿದರು, ಹಳೆಯ ಡಿಸ್ಕ್ ಹಾಕಿದರೆ ಅದೇ ಮತ್ತೆ ಯಜಮಾನನಾಗುತ್ತಿತ್ತು. ಮೂರನೆಯದರ ಮೊದಲ ಮಾದರಿಗಳಲ್ಲಿ ಹಾಗೆಯೇ ಎಮೋಷನ್ ಎಂಜಿನ್ನೂ ಅದರ ಗ್ರಾಫಿಕ್ಸ್ ಚಿಪ್ಪೂ ಇದ್ದವು. ಆದರೆ ಅದು ದುಬಾರಿಯ ವ್ಯವಸ್ಥೆ. 2007ರ ಮಾರ್ಚ್‌ನಲ್ಲಿ ಯುರೋಪಿಗೆ ಬಂದ ಮಾದರಿಯಲ್ಲಿ ಎಮೋಷನ್ ಎಂಜಿನ್ ಇರಲಿಲ್ಲ, ಅದೇ ವರ್ಷದ 40 ಜಿಬಿ ಮಾದರಿಯಲ್ಲಿ ಎರಡನೆಯದರ ಡಿಸ್ಕ್‌ಗಳು ಓಡುವ ಸೌಲಭ್ಯವೇ ಹೋಯಿತು. ನಾಲ್ಕನೆಯದಂತೂ ಹಿಂದಿನ ಯಾವ ತಲೆಮಾರಿನ ಡಿಸ್ಕನ್ನೂ ಓಡಿಸುವುದಿಲ್ಲ. ಅದರ ಡ್ರೈವ್‌ಗೆ ಸಿಡಿ ಓದಲೂ ಬಾರದು. ಪ್ಲೇಸ್ಟೇಷನ್ 3ರ ಆಟಗಳನ್ನು ಇಂದಿಗೂ ಸೋನಿ ದೂರದ ಸರ್ವರ್‌ಗಳಿಂದ ಸ್ಟ್ರೀಮ್ ಮಾಡಿ ಕೊಡುತ್ತದೆಯೇ ಹೊರತು ಪ್ಲೇಸ್ಟೇಷನ್ 5ರ ಒಳಗೆ ಓಡಿಸುವುದಿಲ್ಲ, ಏಕೆಂದರೆ ಸುಮಂಗಲಾ ಅವರು ವಿವರಿಸಿದ ಆರು ಘಟಕಗಳ ಕೈಕೆಲಸವನ್ನು ಬೇರೆ ಬಗೆಯ ಪ್ರೊಸೆಸರ್‌ನಲ್ಲಿ ಅನುಕರಿಸುವುದು ಅಷ್ಟು ಹೊರೆಯ ಕೆಲಸ. ಅದೇ, ಪ್ಲೇಸ್ಟೇಷನ್ 4ರ ಆಟಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದೆಲ್ಲವೂ ಐದನೆಯದರಲ್ಲಿ ಓಡುತ್ತವೆ. ಕುಲ ಮುಂದುವರಿಯುವುದೆಂದರೆ ನನ್ನ ಪಾಲಿಗೆ ಇದೇ. ಮಾಧವ ಅವರು ಕುಲ ಎಂದು ಕರೆದ ಮೂವರಲ್ಲಿ ಮೂರನೆಯವನ ಆಸ್ತಿ ಯಾರ ಕೈಗೂ ದಕ್ಕದಂತಾಗಿದೆ.

ಮಾಧವ:
ಆಸ್ತಿಯ ಮಾತು ಒಪ್ಪತಕ್ಕದ್ದೇ. ಆದರೂ ಹಳೆಯ ಆಟಗಳು ಓಡುತ್ತವೆ ಎಂಬುದು ಹೊಸ ಯಂತ್ರಕ್ಕೆ ಸ್ವಂತ ಮುಖವಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಪಿಸಿಯಲ್ಲಿಯೂ ಹಳೆಯ ಆಟಗಳು ಓಡುತ್ತವೆ. ಐದನೆಯದರಲ್ಲಿರುವ ಯಾವ ಭಾಗವನ್ನು ತೋರಿಸಿ ‘ಇದು ಸೋನಿಯದು’ ಎನ್ನುತ್ತೀರಿ?

ಸುಮಂಗಲಾ:
ಎರಡು ಭಾಗಗಳನ್ನು ತೋರಿಸುತ್ತೇನೆ. ಮೊದಲನೆಯದು ದತ್ತಾಂಶ ಸಾಗಣೆಯ ವ್ಯವಸ್ಥೆ. ಪ್ಲೇಸ್ಟೇಷನ್ 4ರ ಹಾರ್ಡ್ ಡಿಸ್ಕ್ ಸೆಕೆಂಡಿಗೆ 50ರಿಂದ 100 ಎಂಬಿ ಕೊಡುತ್ತಿತ್ತು. ದತ್ತಾಂಶ ಓದುವ ಮುಳ್ಳು ಡಿಸ್ಕಿನ ಮೇಲೆ ಓಡಾಡುವ ಸಮಯ ಉಳಿಸಲು ಒಂದೇ ವಸ್ತುವಿನ ದತ್ತಾಂಶವನ್ನು ಹಲವಾರು ಕಡೆ ನಕಲು ಮಾಡಿಡಬೇಕಾಗುತ್ತಿತ್ತು. ಆಟಗಳಲ್ಲಿ ನಾಯಕ ಇಕ್ಕಟ್ಟಾದ ಸಂದಿಯಲ್ಲಿ ಮೈ ಓರೆಮಾಡಿ ನಿಧಾನವಾಗಿ ನುಸುಳುವುದನ್ನೂ, ಲಿಫ್ಟಿನಲ್ಲಿ ಸುಮ್ಮನೆ ನಿಲ್ಲುವುದನ್ನೂ ನೀವು ನೋಡಿರುತ್ತೀರಿ. ಬಹಳಷ್ಟು ಸಲ ಅದು ಕಥೆಯ ಅಗತ್ಯವಲ್ಲ. ಮುಂದಿನ ಪ್ರದೇಶ ಲೋಡ್ ಆಗುವವರೆಗೆ ಆಟಗಾರನನ್ನು ತಡೆದಿಡುವ ಉಪಾಯ. ಐದನೆಯದರಲ್ಲಿ ತಿರುಗುವ ಡಿಸ್ಕಿಲ್ಲದ, ಚಿಪ್‌ಗಳಲ್ಲೇ ದತ್ತಾಂಶ ಇಡುವ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಕೊಡುತ್ತದೆ. ವೇಗದ ಎಸ್‌ಎಸ್‌ಡಿ ಪಿಸಿಯಲ್ಲಿಯೂ ಸಿಗುತ್ತದೆ ಎನ್ನುವಿರಿ. ಆದರೆ ಸಂಕುಚಿತ ದತ್ತಾಂಶವನ್ನು ಬಿಡಿಸುವ, ಅದನ್ನು ಮೆಮೊರಿಯಲ್ಲಿ ತಕ್ಕ ಜಾಗಕ್ಕೆ ತಲುಪಿಸುವ ಕೆಲಸಕ್ಕೆಂದೇ ಮೀಸಲಾದ ಘಟಕಗಳನ್ನು ಮುಖ್ಯ ಚಿಪ್ಪಿನಲ್ಲೇ ಇಟ್ಟು ಪ್ರೊಸೆಸರಿನ ತಲೆಯ ಮೇಲಿನ ಭಾರ ಇಳಿಸಿದ್ದು ಸೋನಿಯ ಯೋಜನೆ.

ಎರಡನೆಯದು ನಿಮಗೆ ಹೆಚ್ಚು ಹಿಡಿಸಬಹುದು. ಮೂರು ಆಯಾಮದ ಧ್ವನಿಗಾಗಿ ಇರುವ ‘ಟೆಂಪೆಸ್ಟ್’ ಎಂಬ ಘಟಕ ಎಎಂಡಿಯ ಗ್ರಾಫಿಕ್ಸ್ ಘಟಕವೊಂದನ್ನು ತಿದ್ದಿ ಮಾಡಿದ್ದು. ಅದರ ಕ್ಯಾಶ್‌ಗಳನ್ನು ಕಿತ್ತುಹಾಕಿ, ದತ್ತಾಂಶವನ್ನೆಲ್ಲ ನೇರವಾಗಿ ತರಿಸಿಕೊಳ್ಳುವಂತೆ ಮಾಡಿ, ಪ್ಲೇಸ್ಟೇಷನ್ 3ರ ಸಹಾಯಕ ಘಟಕಗಳಂತೆಯೇ ಕೆಲಸ ಮಾಡಲು ಒಗ್ಗಿಸಿದ್ದೇವೆ ಎಂದು ಸರ್ನಿಯವರೇ ಆ ಉಪನ್ಯಾಸದಲ್ಲಿ ವಿವರಿಸಿದರು. ಸೆಲ್ ಸತ್ತಿಲ್ಲ. ಅದಕ್ಕೆ ಒಪ್ಪುವ ಒಂದೇ ಕೆಲಸವನ್ನು ವಹಿಸಿ ಮೂಲೆಯ ಕೋಣೆ ಕೊಟ್ಟಿದ್ದಾರೆ.

ಇಂದುಮತಿ:
ಮಾಧವ ಅವರ ಪ್ರಶ್ನೆಗೆ ಚಿಪ್ಪು ಬಿಚ್ಚದೆಯೇ ಉತ್ತರಿಸಬಹುದು: ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಸೋನಿಯದು. ತ್ರಿಕೋನ, ವೃತ್ತ, ಗುಣಿಸುವ ಗುರುತು, ಚೌಕ ಎಂಬ ನಾಲ್ಕು ಗುಂಡಿಗಳು 1994ರಿಂದ ಇಂದಿನವರೆಗೆ ಜಾಗ ಬದಲಿಸಿಲ್ಲ. 1997ರ ಡ್ಯುಯಲ್‌ಶಾಕ್ ಕಂಟ್ರೋಲರ್‌ನಲ್ಲಿದ್ದ, ಹೆಬ್ಬೆರಳಿನಿಂದ ಆಡಿಸುವ ಎರಡು ಕೋಲುಗಳು ಅಂದು ಇದ್ದಲ್ಲೇ ಇಂದೂ ಇವೆ. ಈ ನಿರಂತರತೆಗೆ ಭಂಗ ಬಂದದ್ದು, ಕುತೂಹಲದ ಸಂಗತಿಯೆಂದರೆ, ಎಲ್ಲರೂ ಸಾಹಸದ್ದೆನ್ನುವ ಮೂರನೆಯ ತಲೆಮಾರಿನಲ್ಲಿಯೇ: 2006ರ ಸಿಕ್ಸಾಕ್ಸಿಸ್ ಕಂಟ್ರೋಲರ್‌ನಲ್ಲಿ ಕಂಪನವಿರಲಿಲ್ಲ. ಕಂಪನದ ಪೇಟೆಂಟ್ ಹೊಂದಿದ್ದ ಇಮರ್ಷನ್ ಕಂಪನಿಯೊಡನೆ ಇದ್ದ ದಾವೆ 2007ರಲ್ಲಿ ಇತ್ಯರ್ಥವಾದ ಮೇಲೆ ಡ್ಯುಯಲ್‌ಶಾಕ್ 3ರಲ್ಲಿ ಅದು ಮರಳಿತು. ಐದನೆಯದರ ಡ್ಯುಯಲ್‌ಸೆನ್ಸ್‌ನಲ್ಲಿ ಬೆರಳಿಗೆ ಎದುರೊತ್ತುವ ಟ್ರಿಗರ್‌ಗಳು ಬಂದಿವೆ. ಬಿಲ್ಲಿನ ಹೆದೆ ಎಳೆದಂತೆ ಬಿಗಿ ಏರುವುದನ್ನು ಬೆರಳಿನಲ್ಲಿ ಅನುಭವಿಸಿದವರು ಇದನ್ನು ಪಿಸಿ ಎಂದು ಕರೆಯಲು ಹಿಂಜರಿಯುತ್ತಾರೆ.

ಜಪಾನಿನಲ್ಲಿ ವೃತ್ತವೆಂದರೆ ಒಪ್ಪಿಗೆ, ಗುಣಿಸುವ ಗುರುತೆಂದರೆ ನಿರಾಕರಣೆ. ಪಶ್ಚಿಮದಲ್ಲಿ ಗುಣಿಸುವ ಗುರುತೇ ಒಪ್ಪಿಗೆಯ ಗುಂಡಿಯಾಗಿತ್ತು. ಸುಮಾರು 26 ವರ್ಷ ಎರಡೂ ಪದ್ಧತಿಗಳು ನಡೆದುಬಂದು, 2020ರ ಪ್ಲೇಸ್ಟೇಷನ್ 5ರಲ್ಲಿ ಜಪಾನಿನವರೂ ಗುಣಿಸುವ ಗುರುತಿಗೆ ಹೊಂದಿಕೊಳ್ಳಬೇಕಾಯಿತು. ಸ್ವಂತಿಕೆ ಕಳೆದುಹೋಯಿತೆಂದು ಕೊರಗಬೇಕಾದರೆ ನಾನು ಇದಕ್ಕಾಗಿ ಕೊರಗುತ್ತೇನೆ, ಜಾಗ್ವಾರ್ ಕೋರ್‌ಗಳಿಗಾಗಿ ಅಲ್ಲ.

ಮಾಧವ:
ಟೆಂಪೆಸ್ಟ್ ವಿಚಾರ ನಿಜಕ್ಕೂ ಸ್ವಾರಸ್ಯದ್ದು. ಆದರೂ ಮೂಲೆಯ ಕೋಣೆ ಎಂದು ನೀವೇ ಹೇಳಿದಿರಿ. ಕುಟರಾಗಿಯವರ ಕಾಲದಲ್ಲಿ ಸೆಲ್ ಪಡಸಾಲೆಯಲ್ಲಿತ್ತು, ನಷ್ಟದ ಅಪಾಯವಿದ್ದರೂ ಕಂಪನಿ ಅದನ್ನು ಅಲ್ಲಿಡಲು ಹೆದರಲಿಲ್ಲ. ಇಂದು ಸೋನಿ ಅಪಾಯ ತೆಗೆದುಕೊಳ್ಳುತ್ತಿರುವುದು ಬೆಲೆಯ ವಿಷಯದಲ್ಲಿ ಮಾತ್ರ: 2024ರ ನವೆಂಬರ್‌ನಲ್ಲಿ ಬಂದಾಗ ಪ್ಲೇಸ್ಟೇಷನ್ 5 ಪ್ರೊಗೆ 699 ಡಾಲರ್ ಇತ್ತು, ಅದರಲ್ಲೂ ಡಿಸ್ಕ್ ಡ್ರೈವ್ ಇಲ್ಲದೆ.

ಅನಿರುದ್ಧ:
ಡ್ರೈವ್ ಇಲ್ಲದಿರುವುದು ಬೆಲೆಯ ವಿಷಯವಷ್ಟೇ ಅಲ್ಲ. ಪ್ರತ್ಯೇಕವಾಗಿ ಕೊಂಡು ಜೋಡಿಸಿದ ಡ್ರೈವ್ ಕೂಡ ಮೊದಲ ಸಲ ಇಂಟರ್‌ನೆಟ್ ಮೂಲಕ ಸೋನಿಯ ಸರ್ವರ್‌ನೊಡನೆ ನೋಂದಣಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ. 2021ರ ಮಾರ್ಚ್‌ನಲ್ಲಿ ಸೋನಿ ಪ್ಲೇಸ್ಟೇಷನ್ 3 ಮತ್ತು ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ವೀಟಾದ ಆನ್‌ಲೈನ್ ಅಂಗಡಿಗಳನ್ನು ಮುಚ್ಚುವುದಾಗಿ ಪ್ರಕಟಿಸಿ, ಬಳಕೆದಾರರ ವಿರೋಧ ಬಂದ ಮೇಲೆ ಏಪ್ರಿಲ್‌ನಲ್ಲಿ ಹಿಂದೆಗೆದುಕೊಂಡಿತು. ಮೊದಲ ಪ್ಲೇಸ್ಟೇಷನ್ನಿನ ಕಪ್ಪು ತಳದ ಸಿಡಿಗೆ ಯಾರ ಅನುಮತಿಯೂ ಬೇಕಿರಲಿಲ್ಲ, ಇಂದಿಗೂ ಬೇಡ. ಸರಣಿಯ ವಂಶ ಎಲ್ಲಿ ಬದಲಾಯಿತೆಂದು ಗೆರೆ ಎಳೆಯುವುದಾದರೆ ನಾನು 2013ರಲ್ಲಿ ಎಳೆಯುವುದಿಲ್ಲ, ಆ ನೋಂದಣಿಯ ಪರದೆಯಲ್ಲಿ ಎಳೆಯುತ್ತೇನೆ.

ಸುಮಂಗಲಾ:
ಅಲ್ಲಿಗೆ ಬಂದರೆ ಗೆರೆ ಇನ್ನೂ ಹಿಂದಕ್ಕೆ ಹೋಗುತ್ತದೆ, ಅನಿರುದ್ಧ ಅವರೇ. ಮೂರನೆಯದರಲ್ಲಿ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಅವಕಾಶವನ್ನು ಸೋನಿ ಯಂತ್ರದ ಜೊತೆಗೇ ಮಾರಿ, 2010ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಮೂಲಕ ತೆಗೆದುಹಾಕಿತು. ಬೇಡವೆಂದರೆ ಅಪ್‌ಡೇಟ್ ಬಿಡಬಹುದಿತ್ತು, ಆದರೆ ಬಿಟ್ಟವರಿಗೆ ಆನ್‌ಲೈನ್ ಆಟ ಇರಲಿಲ್ಲ. ಕೊಂಡ ಯಂತ್ರದ ಮೇಲೆ ಮಾರಿದವರ ಹಿಡಿತ ಉಳಿಯುತ್ತದೆಂದು ತೋರಿಸಿದ್ದು ಮಾಧವ ಅವರ ಮೆಚ್ಚಿನ ಸೆಲ್ ಯಂತ್ರವೇ.